ಕೊಡಗಿನಲ್ಲೂ ಸಿಂಫನಿ ಆರ್ಕೆಸ್ಟ್ರಾದ ಬೇಸಿಗೆ ಉತ್ಸವ ನಡೆದೀತೇ?

ವಿದೇಶದಲ್ಲಿ ಇಂಥ ಉತ್ಸವಗಳು ಹೇಗೆ ಬೆಳೆದವು, ನಮ್ಮಲ್ಲೂ ಆದೀತಾ ಅಂತ ಕೇಳಿದ್ದೀರಿ. ನಾನು ನಾಪೋಕ್ಲು ಕಡೆಯ ಕಾಫಿ ಬೆಳೆಗಾರ, ಸಂಗೀತ ಬರೀ ಕೇಳುವ ಚಟ. (ನಮ್ಮೂರಲ್ಲಿ ಆರ್ಕೆಸ್ಟ್ರಾ ಅಂದರೆ ಸಿನಿಮಾ ಹಾಡಿನ ತಂಡ, ಸಿಂಫನಿ ಆರ್ಕೆಸ್ಟ್ರಾ ಅಂದರೆ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತ ನುಡಿಸುವ ದೊಡ್ಡ ವಾದ್ಯವೃಂದ.) ನನಗೆ ಕಾಣುವುದು ಎರಡೇ ಪ್ರಶ್ನೆ: ವಾದ್ಯದವರ ಸಂಬಳ, ಮತ್ತೆ ಮಳೆ.

ಅಮೆರಿಕದ ಬಾಸ್ಟನ್ ಸಿಂಫನಿ ಆರ್ಕೆಸ್ಟ್ರಾ ಶುರುವಾಗಿದ್ದು 1881ರಲ್ಲಿ. ಚಳಿಗಾಲದ ಸಂಗೀತ ಕಚೇರಿಗಳು ಮುಗಿದರೆ ವಾದ್ಯದವರಿಗೆ ಕೆಲಸವಿಲ್ಲ. ಅದಕ್ಕೇ 1885ರಲ್ಲಿ ಬೇಸಿಗೆಗೆಂದು ಹಗುರ ಸಂಗೀತದ ‘ಪಾಪ್ಸ್’ ಹುಟ್ಟಿತು. ಆದರೆ ಅವರ ದೊಡ್ಡ ಬೇಸಿಗೆ ಉತ್ಸವವನ್ನು ಮೊದಲು ಶುರು ಮಾಡಿದವರು ಅದೇ ರಾಜ್ಯದ ಬರ್ಕ್‌ಷೈರ್ ಗುಡ್ಡಗಳಲ್ಲಿ ಮನೆ ಮಾಡಿಕೊಂಡಿದ್ದ ಜನ. 1934ರಲ್ಲಿ ಕುದುರೆ ಓಡಿಸುವ ಅಂಗಳದಲ್ಲಿ ನ್ಯೂಯಾರ್ಕ್ ವಾದ್ಯದವರ ಕಚೇರಿ ಇಟ್ಟರು. ಬಾಸ್ಟನ್ನಿನವರು ಬಂದಿದ್ದು 1936ಕ್ಕೆ. ಮರುವರ್ಷ ಉತ್ಸವಕ್ಕೆ ಅಲ್ಲಿನ ಟ್ಯಾಂಗಲ್‌ವುಡ್ ಅನ್ನುವ ಎಸ್ಟೇಟು ದಾನವಾಗಿ ಸಿಕ್ಕಿತು. ಅದೇ ಆಗಸ್ಟಿನಲ್ಲಿ ಡೇರೆಯೊಳಗೆ ಜರ್ಮನ್ ಸಂಗೀತಕಾರ ವಾಗ್ನರ್ ಅವರ ರಚನೆಗಳನ್ನು ನುಡಿಸುತ್ತಿದ್ದಾಗ ಗುಡುಗು ಮಳೆ ಸುರಿದು ಕಚೇರಿಯೇ ನಿಂತಿತು. ಸೂರಿಗಾಗಿ ಚಂದಾ ಎತ್ತಿದರು. ವಾಸ್ತುಶಿಲ್ಪಿ ಸಾರಿನೆನ್ ಹಾಕಿದ ನಕ್ಷೆ ದುಬಾರಿಯಾಯಿತು, ಈ ದುಡ್ಡಿಗೆ ಬರೀ ಶೆಡ್ ಬರುತ್ತೆ ಅಂದರಂತೆ ಅವರು. ಜೋಸೆಫ್ ಫ್ರಾಂಜ್ ಅನ್ನುವ ಇಂಜಿನಿಯರು 1938ರಲ್ಲಿ ಶೆಡ್ಡನ್ನೇ ಕಟ್ಟಿ ಕೊಟ್ಟರು. ಸುಮಾರು 5000 ಜನ ಕೂರಬಹುದು, ಪಕ್ಕಕ್ಕೆ ಗೋಡೆಯಿಲ್ಲ, ಉಳಿದವರು ಹೊರಗೆ ಹುಲ್ಲಿನ ಮೇಲೆ. ಇವತ್ತಿಗೂ ಅದರ ಹೆಸರು ಶೆಡ್ಡೇ!

ಇದನ್ನು ಓದಿದಾಗ ನನಗೆ ನೆನಪಾಗಿದ್ದು ಅತ್ತೆ ಮಗಳ ಮದುವೆ. ಮೇ ತಿಂಗಳು, ವಾಲಗ ಏರುತ್ತಿರುವಾಗ ಮಳೆ ಹೊಡೆಯಿತು. ಡೋಲಿನ ಚರ್ಮ ಸಡಿಲಾಗಿ ದೊಬ್ಬ ದೊಬ್ಬ ಅನ್ನತೊಡಗಿತು. ವಾಲಗದವರೊಬ್ಬರು ಅದನ್ನು ಅಡುಗೆ ಒಲೆಯ ಮುಂದೆ ಹಿಡಿದು, ಬೆರಳಲ್ಲಿ ತಟ್ಟಿ ತಟ್ಟಿ ನೋಡುತ್ತಿದ್ದರು. ಪಿಟೀಲಿನ ಮರಕ್ಕೂ ತೇವ ಆಗದು, ಶ್ರುತಿ ನಿಲ್ಲುವುದಿಲ್ಲ. ಅದನ್ನು ಒಲೆ ಮುಂದೆ ಹಿಡಿಯಲೂ ಆಗದು.

ಜನ ಸೇರಿಸುವುದು ನಮಗೆ ಕಷ್ಟವಲ್ಲ. 1997ರಲ್ಲಿ ಕರಡದಲ್ಲಿ 60 ಕುಟುಂಬಗಳ ತಂಡದಿಂದ ಶುರುವಾದ ಹಾಕಿ ನಮ್ಮೆ, ಅಂದರೆ ಕೊಡವ ಕುಟುಂಬಗಳ ಹಾಕಿ ಹಬ್ಬ, 2024ಕ್ಕೆ 360 ತಂಡ ಮುಟ್ಟಿತು, ಯಾಕಂದರೆ ವರ್ಷಕ್ಕೊಂದು ಕುಟುಂಬ ಅದನ್ನು ಹೊರುತ್ತದೆ. ಸಿಂಫನಿಗೆ ಎಂಬತ್ತು ತೊಂಬತ್ತು ವಾದ್ಯದವರು ಬೇಕು, ಅವರಿಗೆ ವರ್ಷವಿಡೀ ಸಂಬಳ ಕೊಡುವವರು ನಮ್ಮಲ್ಲಿಲ್ಲ. ಹಾಗಾಗಿ ನಾನಾದರೆ ವಾಲಗದವರಿಂದಲೇ ಶುರು ಮಾಡುತ್ತೇನೆ, ಮದುವೆಗಳು ಮುಗಿದರೆ ಅವರ ಕೈಯೂ ಖಾಲಿ. ಏಪ್ರಿಲ್‌ನಲ್ಲಿ ಇಟ್ಟರೂ ಕಾಫಿ ಹೂ ಅರಳಿಸುವ ಹೂಮಳೆ ಬಿಡುವುದಿಲ್ಲ, ಸೂರಿಗೆ ಮಾತ್ರ ತಗಡಿನ ಶೀಟು ಬೇಡ, ಹಂಚು ಹಾಕಿಸಿ. ಶೀಟಿನ ಮೇಲೆ ನಮ್ಮ ಮಳೆ ಬಿದ್ದರೆ ಊದುವ ಕೊಂಬಿನ ಸದ್ದೂ ಕೇಳಿಸುವುದಿಲ್ಲ.