ಮಿನುಗದೆ ಓಡುವ ಚುಕ್ಕಿ

ಗ್ರಹಗಳ ಬಗ್ಗೆ ಹೋದ ತಿಂಗಳು ಎರಡು ಮಾತು ಬರೆದದ್ದೇ ತಡ, ಆಕಾಶದಲ್ಲಿ ಓಡುವ ಚುಕ್ಕಿಗಳನ್ನು ಕಂಡವರೆಲ್ಲ ಬರೆದಿದ್ದೀರಿ. ಮೇಲ್, ವಾಟ್ಸಾಪ್, ಒಂದು ನೀಲಿ ಇನ್‌ಲ್ಯಾಂಡ್ ಲೆಟರ್ ಕೂಡ! ಎಲ್ಲವನ್ನೂ ಹಾಕಲು ಜಾಗವಿಲ್ಲ. ಒಂದೇ ತರಹದ ಪ್ರಶ್ನೆಗಳನ್ನು ಸೇರಿಸಿಬಿಟ್ಟಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ.

ಮೊನ್ನೆ ಸಂಜೆ ಏಳು ದಾಟಿತ್ತು. ಒಣಗಿದ ಬಟ್ಟೆ ತರಲು ಮೇಲೆ ಹೋಗಿದ್ದೆ. ಪಶ್ಚಿಮದ ಕಡೆಯಿಂದ ದೊಡ್ಡ ಚುಕ್ಕಿಯೊಂದು ಸದ್ದಿಲ್ಲದೆ ಬಂತು. ನಡು ಆಕಾಶ ದಾಟಿದ್ದೇ ಮಂಕಾಗಿ ಮಾಯವಾಯಿತು, ಮೋಡ ಒಂದು ಚೂರೂ ಇರಲಿಲ್ಲ. ಮನೆಯವರು ವಿಮಾನ ಎನ್ನುತ್ತಾರೆ. ಹೌದಾ? (ಗೃಹಿಣಿ, ತಿಪಟೂರು)

ವಿಮಾನ ಅಲ್ಲ ಮೇಡಂ. ಮನೆಯವರಿಗೆ ಇದನ್ನು ಓದಿ ಹೇಳಿ. ವಿಮಾನಕ್ಕೆ ಕೆಂಪು, ಹಸಿರು ದೀಪ ಇರುತ್ತವೆ, ಬಿಳಿ ದೀಪ ಪಟಪಟ ಮಿಟುಕುತ್ತದೆ. ನೀವು ಕಂಡದ್ದು ಒಂದೇ ಸಮನೆ ಉರಿಯುತ್ತಿತ್ತು, ಅಲ್ವಾ? ಅಷ್ಟು ದೊಡ್ಡದಾಗಿ ಕಂಡಿತು ಎಂದರೆ ಅದು ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣವೇ ಇರಬೇಕು, ಐಎಸ್‌ಎಸ್ ಅನ್ನುತ್ತಾರಲ್ಲ ಅದು. ಚೆನ್ನಾಗಿ ಬಂದ ದಿನ ಅದರ ಹೊಳಪು ಬೆಳ್ಳಿ ಚುಕ್ಕಿಗೆ, ಅಂದರೆ ಶುಕ್ರನಿಗೆ, ಹತ್ತಿರ ಹತ್ತಿರ ಇರುತ್ತದೆ.

ಅದಕ್ಕೆ ಸ್ವಂತ ಬೆಳಕಿಲ್ಲ. ಒಳಗೆ ದೀಪ ಇದ್ದರೂ ಅದು ನಮಗೆ ಕಾಣುವುದಿಲ್ಲ, ನಾವು ನೋಡುವುದು ಅದರ ಮೇಲೆ ಬಿದ್ದ ಬಿಸಿಲನ್ನು. ನಿಮ್ಮದು ತೆಂಗಿನ ಊರು, ಸುಲಭವಾಗಿ ಅರ್ಥವಾಗುತ್ತದೆ. ಸಂಜೆ ಅಂಗಳದಲ್ಲಿ ನೆರಳು ಬಂದಮೇಲೂ ತೆಂಗಿನ ಮರದ ತುದಿಯಲ್ಲಿ ಬಿಸಿಲು ಉಳಿದಿರುತ್ತದೆ. ಮರ ಇನ್ನೂ ಎತ್ತರ ಇದ್ದರೆ ಬಿಸಿಲು ಇನ್ನೂ ಸ್ವಲ್ಪ ಹೊತ್ತು. ಈ ನಿಲ್ದಾಣ 400 ಕಿ.ಮೀ.ಗಿಂತ ಸ್ವಲ್ಪ ಮೇಲಿದೆ, ಹೆಚ್ಚುಕಡಿಮೆ ಬೆಂಗಳೂರಿನಿಂದ ಹುಬ್ಬಳ್ಳಿಗೆ ಇರುವಷ್ಟು ದೂರ. ಹಾಗಾಗಿ ಕೆಳಗೆ ನಾವು ದೀಪ ಹಚ್ಚಿ ಒಂದು ಗಂಟೆಯಾದರೂ ಅಲ್ಲಿ ಇನ್ನೂ ಬಿಸಿಲೇ. ಆಮೇಲೆ ಅದು ಪೂರ್ವಕ್ಕೆ ಓಡುತ್ತಾ ಭೂಮಿಯ ನೆರಳೊಳಗೆ ನುಗ್ಗಿಬಿಡುತ್ತದೆ, ನುಗ್ಗುವ ಮುಂಚೆ ಕ್ಷಣಹೊತ್ತು ಕೆಂಪಗಾಗಿ ಮಂಕಾಗುತ್ತದೆ. ನೀವು ಕಂಡ ಮಾಯ ಅದೇ. ನೆಟ್ಟಗೆ ಹೇಳಬೇಕೆಂದರೆ ನೀವು ಆ ಸಂಜೆ ಭೂಮಿಯ ನೆರಳಿನ ಅಂಚನ್ನು ನೋಡಿದ್ದೀರಿ, ಎಷ್ಟೋ ಜನಕ್ಕೆ ಅದು ಗೊತ್ತೇ ಆಗುವುದಿಲ್ಲ.

ಬೆಳಗಿನ ಜಾವ ಇದು ಉಲ್ಟಾ. ಖಾಲಿ ಆಕಾಶದ ನಡುವೆ ಎಲ್ಲಿಂದಲೋ ಹೊತ್ತಿಕೊಂಡು ಬರುತ್ತದೆ. ನಡುರಾತ್ರಿ ನಮ್ಮ ಕಡೆ ಅದು ಕಾಣುವುದೇ ಇಲ್ಲ. ಸುಮ್ನೆ ಎದ್ದು ಕೂರಬೇಡಿ.

ಒಂದು ದಿನ ಅಕಸ್ಮಾತ್ ಕಂಡಿತೆಂದು ಮರುದಿನ ಅದೇ ಹೊತ್ತಿಗೆ ಪಕ್ಕದ ಮನೆಯವರನ್ನೆಲ್ಲ ಕರೆದು ನಿಲ್ಲಿಸಿದೆ. ಅರ್ಧ ಗಂಟೆ ಕಾದರೂ ಬರಲಿಲ್ಲ, ಮಾನ ಹೋಯಿತು. ಮೊದಲೇ ತಿಳಿಯುವುದು ಹೇಗೆ? (ನಿವೃತ್ತ ಶಿಕ್ಷಕರು, ಮೈಸೂರು)

ಸಾರ್, ಈ ಮಾನ ನನ್ನದೂ ಹೋಗಿದೆ. ಕೊನೆಗೆ ಹೇಳುತ್ತೇನೆ.

ಲೆಕ್ಕ ಹೀಗಿದೆ. ನಿಲ್ದಾಣ ಭೂಮಿಯನ್ನು ಒಂದು ಸುತ್ತು ಹಾಕಲು ಸುಮಾರು 93 ನಿಮಿಷ ಬೇಕು. 15 ಸುತ್ತು ಮುಗಿದಾಗ 24 ಗಂಟೆ ತುಂಬಿರುವುದಿಲ್ಲ, ಮುಕ್ಕಾಲು ಗಂಟೆ ಬಾಕಿ. ಅಂದರೆ ಇವತ್ತು ಏಳೂವರೆಗೆ ಕಂಡದ್ದು ನಾಳೆ ಆರೂಮುಕ್ಕಾಲಿನ ಸುಮಾರಿಗೆ ಬಂದು, ನೀವು ಕಾಫಿ ಕುಡಿಯುವಷ್ಟರಲ್ಲಿ ಹೋಗಿರುತ್ತದೆ. ದಾರಿಯೂ ಅದೇ ಇರುವುದಿಲ್ಲ, ನಿನ್ನೆ ನೆತ್ತಿಯ ಮೇಲೆ ಹೋದದ್ದು ಇವತ್ತು ಉತ್ತರದ ಮೂಲೆಯಲ್ಲಿ ತಗ್ಗಾಗಿ ಹೋಗಬಹುದು. ಜೊತೆಗೆ ಆ ಸುತ್ತುದಾರಿಯೇ ದಿನಾ ಚೂರು ಚೂರು ಜಾರುತ್ತಿರುತ್ತದೆ, ಭೂಮಿ ನಡುವೆ ಉಬ್ಬಿಕೊಂಡಿರುವುದು ಅದಕ್ಕೆ ಕಾರಣ. ಆದ್ದರಿಂದಲೇ ಕೆಲವು ದಿನ ಸಂಜೆ ಕಾಣುತ್ತದೆ, ಆಮೇಲೆ ಹಗಲಿಗೆ ಜಾರಿ ನಾಪತ್ತೆ, ಕೆಲವು ವಾರ ಬಿಟ್ಟು ಬೆಳಗಿನ ಜಾವ ಹಾಜರು. ಈ ಚಕ್ರ ಪೂರ್ತಿ ತಿರುಗಲು ಸುಮಾರು ಎರಡು ತಿಂಗಳು.

ಇದನ್ನೆಲ್ಲ ನೀವು ಕೂತು ಲೆಕ್ಕ ಹಾಕಬೇಕಿಲ್ಲ. ನಾಸಾದವರ 'ಸ್ಪಾಟ್ ದ ಸ್ಟೇಷನ್' ಆ್ಯಪ್ ಇದೆ, 'ಹೆವೆನ್ಸ್ ಅಬವ್' ಜಾಲತಾಣ ಇದೆ. ಎರಡನೆಯದರಲ್ಲಿ ಬೇರೆ ಉಪಗ್ರಹಗಳೂ ಸಿಗುತ್ತವೆ, ನನಗೆ ಅದೇ ಇಷ್ಟ. ಅಲ್ಲಿ ನೋಡಬೇಕಾದದ್ದು ಮೂರೇ: ಸಮಯ, ಎತ್ತರ, ಹೊಳಪು. ಎತ್ತರವನ್ನು ಡಿಗ್ರಿಯಲ್ಲಿ ಕೊಟ್ಟಿರುತ್ತಾರೆ. ಕೈ ನೀಟಾಗಿ ಚಾಚಿ ಮುಷ್ಟಿ ಹಿಡಿದರೆ ಒಂದು ಮುಷ್ಟಿ ಸುಮಾರು 10 ಡಿಗ್ರಿ, ದಿಗಂತದಿಂದ ಮುಷ್ಟಿಯ ಮೇಲೆ ಮುಷ್ಟಿ ಇಟ್ಟು ಎಣಿಸಿದರೆ ಆಯಿತು. ಊರೊಳಗಿದ್ದರೆ 30 ಡಿಗ್ರಿಗಿಂತ ಕೆಳಗಿನದನ್ನು ಬಿಟ್ಟುಬಿಡಿ, ಪಕ್ಕದ ಅಪಾರ್ಟ್‌ಮೆಂಟ್ ನುಂಗುತ್ತದೆ. ಹೊಳಪಿನ ನಂಬರು ಮಕ್ಕಳ ರ್‍ಯಾಂಕಿನ ಹಾಗೆ, ಕಡಿಮೆಯಿದ್ದಷ್ಟೂ ಮೇಲು. ಮೈನಸ್ 3 ಎಂದಿದ್ದರೆ ಪಕ್ಕದ ಮನೆಯವರನ್ನು ಧೈರ್ಯವಾಗಿ ಕರೆಯಿರಿ. ಈ ಕೊನೆಯಿಂದ ಆ ಕೊನೆಗೆ ಹೆಚ್ಚೆಂದರೆ ಆರು ನಿಮಿಷದ ಆಟ, ಐದು ನಿಮಿಷ ಮೊದಲೇ ಹೋಗಿ ಕಣ್ಣನ್ನು ಕತ್ತಲಿಗೆ ಹೊಂದಿಸಿಕೊಳ್ಳಿ.

ನನ್ನ ಕಥೆ: ಮೊದಲ ಸಲ ಆ ತಾಣದಲ್ಲಿ ಊರಿನ ಹೆಸರು ತುಂಬದೆ ಸಮಯ ಗುರುತು ಹಾಕಿಕೊಂಡೆ. ಊರು ಹೇಳದಿದ್ದರೆ ಅದು ಸೊನ್ನೆ ಅಕ್ಷಾಂಶ, ಸೊನ್ನೆ ರೇಖಾಂಶದ ಲೆಕ್ಕ ಕೊಡುತ್ತದೆ. ಆಫ್ರಿಕಾದ ಪಕ್ಕದ ಸಮುದ್ರದಲ್ಲಿ ಕಾಣಬೇಕಾದದ್ದಕ್ಕೆ ನಾನು, ನನ್ನ ಹೆಂಡತಿ, ಮಾವ ಮೂವರೂ ಟೆರೇಸಿನಲ್ಲಿ ಕತ್ತೆತ್ತಿ ನಿಂತಿದ್ದೆವು. ಮಾವ ಇವತ್ತಿಗೂ ಬಿಟ್ಟಿಲ್ಲ.

ಒಂದರ ಹಿಂದೆ ಒಂದು, ಮಣಿ ಪೋಣಿಸಿದ ಹಾಗೆ ದೀಪಗಳ ಸಾಲು ಹೋಯಿತು. ಊರಲ್ಲಿ ಅರ್ಧ ಜನ ಹಾರುವ ತಟ್ಟೆ ಎಂದರು, ಅರ್ಧ ಜನ ಡ್ರೋನ್ ಎಂದರು. (ಅಡಿಕೆ ಬೆಳೆಗಾರರು, ಸಾಗರ)

ಎರಡೂ ಅಲ್ಲ, ಸ್ಟಾರ್‌ಲಿಂಕ್. ಇಂಟರ್‌ನೆಟ್ ಕೊಡಲು ಸ್ಪೇಸ್ಎಕ್ಸ್ ಕಂಪನಿ ಹಾರಿಸುವ ಉಪಗ್ರಹಗಳು. 2019ರ ಮೇ ತಿಂಗಳಲ್ಲಿ ಮೊದಲ ಸಲ 60 ಉಪಗ್ರಹಗಳನ್ನು ಒಂದೇ ರಾಕೆಟ್ಟಿನಲ್ಲಿ ಬಿಟ್ಟಾಗ ಬೇರೆ ದೇಶಗಳಲ್ಲೂ ಜನ ಹಾರುವ ತಟ್ಟೆ ಎಂದುಕೊಂಡಿದ್ದರು, ನಿಮ್ಮೂರಿನವರೇನೂ ಪೆದ್ದರಲ್ಲ. ರಾಕೆಟ್ಟಿನಿಂದ ಇಳಿದ ಹೊಸತರಲ್ಲಿ ಎಲ್ಲವೂ ತಗ್ಗಿನಲ್ಲಿ, ಒತ್ತೊತ್ತಾಗಿ ಇರುತ್ತವೆ. ಕೆಲವು ದಿನ ಕಳೆದಂತೆ ಒಂದೊಂದೇ ದೂರ ಸರಿದು ಮೇಲೇರುತ್ತವೆ, ಸಾಲು ಕಾಣುವುದು ಆ ಕೆಲವು ದಿನ ಮಾತ್ರ.

ನೋಡಲು ಚಂದ, ಒಪ್ಪುತ್ತೇನೆ. ಆದರೆ ದೂರದರ್ಶಕ ಇಟ್ಟುಕೊಂಡು ದೂರದ ಗೆಲಾಕ್ಸಿಯ ಫೋಟೋ ತೆಗೆಯುವವರಿಗೆ ಇದು ತಲೆನೋವು. ಹತ್ತು ನಿಮಿಷ ಕ್ಯಾಮೆರಾ ತೆರೆದಿಟ್ಟರೆ ನಡುವೆ ಬಿಳಿ ಗೀರು. ದೂರು ಹೆಚ್ಚಾದ ಮೇಲೆ ಕಂಪನಿಯವರು 2020ರಲ್ಲಿ ಒಂದಕ್ಕೆ ಕಪ್ಪು ಲೇಪನ ಹಚ್ಚಿ ನೋಡಿದರು, ಆಮೇಲೆ ಬಿಸಿಲಿಗೆ ಅಡ್ಡ ಕೊಡೆಯ ತರಹದ್ದು ಕಟ್ಟಿದರು. ಹೊಳಪು ಇಳಿದಿದೆ, ಪೂರ್ತಿ ಹೋಗಿಲ್ಲ. ಕೆಲಸ ಮಾಡುತ್ತಿರುವ ಉಪಗ್ರಹಗಳ ಸಂಖ್ಯೆ ಈಗ ಹತ್ತು ಸಾವಿರ ದಾಟಿದೆ. ಸಂಜೆ ಹೊತ್ತು ಊರಾಚೆ ಒಂದು ಗಂಟೆ ಅಂಗಾತ ಮಲಗಿದರೆ ಹತ್ತಾರು ಕಾಣುತ್ತವೆ. ನಾನು ಹೈಸ್ಕೂಲಿನಲ್ಲಿದ್ದಾಗ ಒಂದು ಕಂಡರೆ ಅವತ್ತು ಹಬ್ಬ.

ಕೆಲವು ಚುಕ್ಕಿ ಬೆಳಗಿ, ಆರಿ, ಮತ್ತೆ ಬೆಳಗುತ್ತಾ ಹೋಗುತ್ತವಲ್ಲ? (ಕೊಪ್ಪಳ)

ಕೆಲಸ ಮುಗಿದ ರಾಕೆಟ್ಟಿನ ತುಂಡುಗಳು. ಪಲ್ಟಿ ಹೊಡೆಯುತ್ತಾ ಹೋಗುತ್ತವೆ, ಅಗಲದ ಮೈ ತಿರುಗಿದಾಗ ಬಿಸಿಲು ಜಾಸ್ತಿ, ತುದಿ ತಿರುಗಿದಾಗ ಕಡಿಮೆ. 1957ರ ಅಕ್ಟೋಬರ್ 4ರಂದು ಮೊಟ್ಟಮೊದಲ ಉಪಗ್ರಹ ಸ್ಪುಟ್ನಿಕ್ ಹಾರಿದಾಗ ಜಗತ್ತಿನ ಜನ ಬರಿಗಣ್ಣಲ್ಲಿ ಕಂಡದ್ದೂ ಹೆಚ್ಚಾಗಿ ಅದನ್ನು ಹೊತ್ತೊಯ್ದ ರಾಕೆಟ್ಟನ್ನೇ. ಸ್ಪುಟ್ನಿಕ್ ಬರೀ 58 ಸೆಂಟಿಮೀಟರಿನ ಗುಂಡು.

ನಮ್ಮೂರಲ್ಲೇ ಇಸ್ರೋದ ಕೇಂದ್ರ ಇದೆ. ಅಲ್ಲಿಂದ ನಡೆಸುವ ಉಪಗ್ರಹಗಳು ನಮಗೆ ಕಾಣುವುದಿಲ್ಲವೇ? (ಪಿಯುಸಿ ವಿದ್ಯಾರ್ಥಿನಿ, ಹಾಸನ)

ಕಾಣುವುದಿಲ್ಲಮ್ಮ. ಹಾಸನದ ಆ ಕೇಂದ್ರ 1982ರಿಂದ ನೋಡಿಕೊಳ್ಳುತ್ತಿರುವುದು ಇನ್ಸಾಟ್, ಜಿಸ್ಯಾಟ್ ತರಹದವನ್ನು. ಅವು ಇರುವುದು 35,786 ಕಿ.ಮೀ. ಎತ್ತರದಲ್ಲಿ. ನಿಲ್ದಾಣಕ್ಕಿಂತ ಸುಮಾರು 90 ಪಟ್ಟು ದೂರ ಎಂದರೆ, ಅಷ್ಟೇ ದೊಡ್ಡ ವಸ್ತು ಅಲ್ಲಿದ್ದರೂ ನಮಗೆ ತಲುಪುವ ಬೆಳಕು ಎಂಟು ಸಾವಿರದಲ್ಲೊಂದು ಪಾಲು. ಮೇಲಾಗಿ ಅವು ಓಡುವುದೂ ಇಲ್ಲ, ಭೂಮಿಯ ಜೊತೆ ಜೊತೆಗೇ ತಿರುಗುತ್ತಾ ನಮಗೆ ನಿಂತಲ್ಲೇ ನಿಂತಂತೆ. ನಿಮ್ಮ ಮನೆ ಮೇಲಿನ ಟೀವಿ ಡಿಶ್ ಯಾವ ದಿಕ್ಕಿಗೆ ಮುಖ ಮಾಡಿದೆಯೋ ಆ ದಿಕ್ಕಿನಲ್ಲೇ ಒಂದಿದೆ ಎಂದುಕೊಂಡು ನೋಡು, ಕಾಣದಿದ್ದರೂ ಒಂಥರಾ ಮಜಾ.

ಆರ್ಯಭಟವನ್ನು ನೋಡಬಹುದಾ ಎಂದೂ ಕೇಳಿದ್ದೀಯ. ಬೆಂಗಳೂರಿನ ಪೀಣ್ಯದಲ್ಲಿ ಕಟ್ಟಿ, 1975ರ ಏಪ್ರಿಲ್ 19ರಂದು ಸೋವಿಯತ್ ನೆಲದಿಂದ ಹಾರಿಸಿದ ಆ 360 ಕೆ.ಜಿ. ಉಪಗ್ರಹ 1992ರ ಫೆಬ್ರುವರಿಯಲ್ಲೇ ವಾತಾವರಣಕ್ಕೆ ಇಳಿದು ಸುಟ್ಟುಹೋಯಿತು.

ನಮ್ಮ ಗಗನಯಾತ್ರಿ ಶುಭಾಂಶು ಶುಕ್ಲಾ ನಿಲ್ದಾಣಕ್ಕೆ ಹೋದಾಗ ನಾನು ಕೈ ಬೀಸಿದ್ದೆ. ಅವರಿಗೆ ಕಂಡಿರುತ್ತಾ? (ಐದನೇ ಕ್ಲಾಸ್, ಧಾರವಾಡ)

ಇಲ್ಲ ಪುಟ್ಟ. ನೀನು ಕತ್ತಲಲ್ಲಿದ್ದೆ, ಅವರು ಬಿಸಿಲಲ್ಲಿದ್ದರು. ಅವರಿಗೆ ಊರಿನ ದೀಪಗಳು ಕಾಣುತ್ತವೆ, ಮನುಷ್ಯರು ಕಾಣುವುದಿಲ್ಲ. ಆದರೆ ನೀನು ನೋಡಿದೆಯಲ್ಲ, ಅದೇ ದೊಡ್ಡದು! ಅವರು ಅಲ್ಲಿದ್ದದ್ದು 2025ರ ಜೂನ್ 26ರಿಂದ ಜುಲೈ 14ರವರೆಗೆ, ಸರಿಯಾಗಿ ಮಳೆಗಾಲ. ನಮ್ಮ ಕಡೆ ಎಷ್ಟೋ ಜನ ಮೋಡ ನೋಡಿ ಒಳಗೆ ಬಂದರು. ನಿಮ್ಮೂರಿನದೇ ಒಂದು ವಸ್ತು ಆಗ ಅಲ್ಲಿತ್ತು, ಗೊತ್ತಾ? ಧಾರವಾಡದ ಕೃಷಿ ವಿಶ್ವವಿದ್ಯಾಲಯದವರೂ ಐಐಟಿಯವರೂ ಸೇರಿ ರೂಪಿಸಿದ ಪ್ರಯೋಗಕ್ಕಾಗಿ ಹೆಸರುಕಾಳು, ಮೆಂತ್ಯ ಹೋಗಿದ್ದವು. ಶುಕ್ಲಾ ಅವನ್ನು ಅಲ್ಲಿ ಮೊಳಕೆ ಬರಿಸಿದರು.

ಕೆಳಗಿನಿಂದ ಬೆಳಕು ತೋರಿಸಿ ಕಾಣಿಸಿಕೊಂಡವರೂ ಇದ್ದಾರೆ. 2012ರ ಮಾರ್ಚ್‌ನಲ್ಲಿ ಅಮೆರಿಕದ ಸ್ಯಾನ್ ಆಂಟೋನಿಯೋದ ಹವ್ಯಾಸಿಗಳು ಭಾರಿ ಸರ್ಚ್‌ಲೈಟ್ ಮತ್ತು ನೀಲಿ ಲೇಸರ್ ಬೀರಿದಾಗ ನಿಲ್ದಾಣದಲ್ಲಿದ್ದ ಡಾನ್ ಪೆಟಿಟ್ ಅದನ್ನು ನೋಡಿದರು. ಅವರು ಎಲ್ಲ ಲೆಕ್ಕಹಾಕಿ ಮಾಡಿದ್ದು. ನೀನು ಜಾತ್ರೆಯಲ್ಲಿ ತಂದ ಲೇಸರ್ ಟಾರ್ಚನ್ನು ಮಾತ್ರ ಆಕಾಶಕ್ಕೆ ಹಿಡಿಯಬೇಡ, ವಿಮಾನ ಓಡಿಸುವವರ ಕಣ್ಣು ಕುಕ್ಕುತ್ತದೆ.

ಲಂಡನ್ನಿನಲ್ಲಿ ಜೂನ್ ತಿಂಗಳು ನಿಲ್ದಾಣವನ್ನು ಒಂದೇ ರಾತ್ರಿ ಮೂರು ನಾಲ್ಕು ಸಲ ನೋಡಿದೆ, ನಡುರಾತ್ರಿ ಕೂಡ. ಬಳ್ಳಾರಿಯಲ್ಲಿ ಅಪ್ಪನಿಗೆ ವಾರಕ್ಕೊಂದು ಸಿಕ್ಕರೆ ಹೆಚ್ಚು. ಯಾಕೀ ತಾರತಮ್ಯ? (ಲಂಡನ್)

ನಿಮ್ಮ ಕಡೆ ಜೂನ್‌ನಲ್ಲಿ ಸೂರ್ಯ ದಿಗಂತದ ಕೆಳಗೆ ಆಳಕ್ಕೆ ಇಳಿಯುವುದೇ ಇಲ್ಲ. ಅಷ್ಟೆತ್ತರದಲ್ಲಿ ಇಡೀ ರಾತ್ರಿ ಬಿಸಿಲು. ಸಾಲದ್ದಕ್ಕೆ ನಿಲ್ದಾಣದ ದಾರಿ ಉತ್ತರಕ್ಕೆ ಹೋಗಿ ತಿರುಗುವುದು 51.6 ಡಿಗ್ರಿ ಅಕ್ಷಾಂಶದಲ್ಲಿ, ಲಂಡನ್ ಇರುವುದೂ ಅಲ್ಲೇ. ತಿರುವಿನಲ್ಲಿ ಮನೆ ಕಟ್ಟಿದವರಿಗೆ ಬಸ್ಸು ಜಾಸ್ತಿ ಕಾಣುತ್ತದೆ ಅಂದುಕೊಳ್ಳಿ. ಬಳ್ಳಾರಿಯ ಮೇಲೆ ಅದು ರಭಸವಾಗಿ ಅಡ್ಡ ಹಾಯ್ದು ಹೋಗುತ್ತದೆ.

ಆದರೆ ಅಪ್ಪನಿಗೆ ಸಿಗುವ ಒಂದು ನಿಮಗೆ ಸಿಗುವುದಿಲ್ಲ: ಹಬಲ್ ದೂರದರ್ಶಕ. 1990ರಿಂದ ಸುತ್ತುತ್ತಿರುವ ಅದು 28.5 ಡಿಗ್ರಿಗಿಂತ ಉತ್ತರಕ್ಕೆ ಬರುವುದೇ ಇಲ್ಲ, ಲಂಡನ್ನಿನ ದಿಗಂತದ ಮೇಲೆ ಏಳುವುದೂ ಇಲ್ಲ. ಬಳ್ಳಾರಿಯಲ್ಲಿ ನೆತ್ತಿಯ ಹತ್ತಿರವೇ ಹಾಯುತ್ತದೆ. ಹೊಳಪು ಸಪ್ತರ್ಷಿಯ ನಕ್ಷತ್ರಗಳಷ್ಟು. ಚೀನಾದ ತಿಯಾಂಗೊಂಗ್ ನಿಲ್ದಾಣವೂ ಅಪ್ಪನಿಗೆ ಚೆನ್ನಾಗಿ ಕಾಣುತ್ತದೆ. ಮುಂದಿನ ಸಲ ಫೋನ್ ಮಾಡಿದಾಗ ಸಮಯ ನೋಡಿ ಹೇಳಿ.

1979ರಲ್ಲಿ ಅಮೆರಿಕದ ಸ್ಕೈಲ್ಯಾಬ್ ನಿಲ್ದಾಣ ತಲೆ ಮೇಲೆ ಬೀಳುತ್ತದೆಂದು ನಮ್ಮೂರಲ್ಲಿ ಸಾಕಿದ ಕೋಳಿಗಳನ್ನೆಲ್ಲ ಕೊಯ್ದು ತಿಂದಿದ್ದರು. ಈಗಿನ ನಿಲ್ದಾಣವೂ ಬೀಳುತ್ತದಂತೆ? (ಇನ್‌ಲ್ಯಾಂಡ್ ಲೆಟರ್, ಬೀದರ್ ಜಿಲ್ಲೆ)

ಕೋಳಿಗಳಿಗೆ ಅನ್ಯಾಯವಾಯಿತು ಸಾರ್. ಜುಲೈ 11ರಂದು ಸ್ಕೈಲ್ಯಾಬ್ ಬಿದ್ದದ್ದು ಹಿಂದೂ ಮಹಾಸಾಗರದಲ್ಲಿ, ಉಳಿದ ಚೂರುಗಳು ಪಶ್ಚಿಮ ಆಸ್ಟ್ರೇಲಿಯಾದಲ್ಲಿ. ಅಲ್ಲಿನ ಎಸ್ಪೆರನ್ಸ್ ಎಂಬ ಊರಿನ ಸ್ಥಳೀಯ ಆಡಳಿತ ಕಸ ಹಾಕಿದ್ದಕ್ಕೆಂದು ನಾಸಾಕ್ಕೆ 400 ಡಾಲರ್ ದಂಡ ಬರೆದಿತ್ತು. ಅದು ಲಗಾಮಿಲ್ಲದೆ ಬಿದ್ದದ್ದು. ಈಗಿನದು 400 ಟನ್ನಿಗೂ ಜಾಸ್ತಿ, ಹಾಗೆ ಬಿಡುವಂತಿಲ್ಲ. ಈ ದಶಕ ಮುಗಿಯುವ ಹೊತ್ತಿಗೆ ಕೆಲಸ ನಿಲ್ಲಿಸಿ, ಬೇರೊಂದು ನೌಕೆ ಕಟ್ಟಿ ತಳ್ಳಿಸಿ, ಜನವಸತಿ ಇಲ್ಲದ ಸಮುದ್ರಕ್ಕೆ ಇಳಿಸುವ ಯೋಜನೆಯಿದೆ.

ತುಂಡುಗಳು ಬೀಳುವುದನ್ನು ಬರಿಗಣ್ಣಲ್ಲಿ ನೋಡುವ ಅವಕಾಶ ನಿಮ್ಮ ಪಕ್ಕದ ಮಹಾರಾಷ್ಟ್ರದವರಿಗೆ 2022ರ ಏಪ್ರಿಲ್ 2ರ ಸಂಜೆ ಸಿಕ್ಕಿತ್ತು. ಚೀನಾದ ಹಳೆಯ ರಾಕೆಟ್ಟಿನ ಭಾಗ ಉರಿಯುತ್ತಾ ಹೋಯಿತು, ಚಂದ್ರಪುರ ಜಿಲ್ಲೆಯ ಸಿಂದೇವಾಹಿ ಕಡೆ ದೊಡ್ಡ ಲೋಹದ ಬಳೆಯೇ ನೆಲಕ್ಕೆ ಬಿತ್ತು. ಉಲ್ಕೆಯಾದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ. ಇಂಥದ್ದು ನಿಧಾನಕ್ಕೆ, ಒಡೆದು ಚೂರಾಗುತ್ತಾ, ಬಾಲ ಎಳೆದುಕೊಂಡು ಅರ್ಧ ಆಕಾಶ ದಾಟುತ್ತದೆ. ಈ ಚುಕ್ಕಿಗಳ ಪೈಕಿ ಸ್ವಂತ ಬೆಂಕಿಯಿಂದ ಹೊಳೆಯುವುದು ಇದೊಂದೇ.

ಬೈನಾಕ್ಯುಲರ್ ಬೇಕಾ? ಮೊಬೈಲಿನಲ್ಲಿ ಫೋಟೋ ಬರುತ್ತಾ? (ಮಂಗಳೂರು, ಶಿವಮೊಗ್ಗ, ವಿಜಯಪುರ)

ನಿಲ್ದಾಣಕ್ಕೆ ಬೈನಾಕ್ಯುಲರ್ ಬೇಡ, ಹಿಡಿದು ಹುಡುಕುವಷ್ಟರಲ್ಲಿ ಅದು ಹೋಗಿರುತ್ತದೆ. 2023ರ ನವೆಂಬರಿನಲ್ಲಿ ಇಬ್ಬರು ಗಗನಯಾತ್ರಿಗಳು ಹೊರಗೆ ರಿಪೇರಿ ಮಾಡುವಾಗ ಸಲಕರಣೆಯ ಚೀಲವೊಂದು ಕೈಜಾರಿ ಹೋಯಿತು. ಅದು ನಿಲ್ದಾಣದ ಮುಂದೆ ಮುಂದೆ ತಿಂಗಳುಗಟ್ಟಲೆ ಸುತ್ತುತ್ತಿತ್ತು. ಅಂಥದ್ದನ್ನು ಹುಡುಕುವ ಹಟ ಇದ್ದರೆ ಬೈನಾಕ್ಯುಲರ್ ತನ್ನಿ.

ಫೋಟೋ ಬರುತ್ತದೆ. ಫೋನನ್ನು ಕೈಯಲ್ಲಿ ಹಿಡಿಯಬೇಡಿ. ಟ್ರೈಪಾಡ್ ಇಲ್ಲದಿದ್ದರೆ ನೀರಿನ ಟ್ಯಾಂಕಿಗೆ ಒರಗಿಸಿ, ಪ್ರೊ ಮೋಡ್‌ನಲ್ಲಿ ಹತ್ತು ಸೆಕೆಂಡ್ ತೆರೆದಿಡಿ, ಟೈಮರ್ ಹಾಕಿ. ಚುಕ್ಕಿ ಬರುವುದಿಲ್ಲ, ಉದ್ದ ಗೆರೆ ಬರುತ್ತದೆ. ಗೆರೆ ಡೊಂಕಾಗಿದ್ದರೆ ಟ್ಯಾಂಕ್ ಅಲ್ಲಾಡಿದೆ ಎಂದರ್ಥ, ಯಾರೋ ಕೆಳಗೆ ಮೋಟರ್ ಹಾಕಿದ್ದಾರೆ.