ಮಾತ್ರೆ ಬಿಟ್ಟು ಫ್ಲೇವನಾಯ್ಡ್ ಕ್ಯಾಪ್ಸೂಲ್ ನುಂಗಬಹುದಾ?

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಒಂದೇ ಪ್ರಶ್ನೆ. ಕ್ಲಿನಿಕ್ಕಿನಲ್ಲೂ ದಿನಾ ಅದೇ. ಇವತ್ತು ಜಾಗವನ್ನೆಲ್ಲ ಅದಕ್ಕೇ ಕೊಡುತ್ತೇನೆ.

ಪ್ರಶ್ನೆ: ಡಾಕ್ಟ್ರೇ, ಗಾಬರಿಗೆ ನಾಲ್ಕು ತಿಂಗಳಿಂದ ಎಸ್ಸಿಟಲೋಪ್ರಾಮ್ ಎಂಬ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. ಈಗ ಪರವಾಗಿಲ್ಲ. ಈರುಳ್ಳಿಯಲ್ಲಿರುವ ಕ್ವೆರ್ಸೆಟಿನ್ ಎಂಬ ಫ್ಲೇವನಾಯ್ಡ್ ಗಾಬರಿಗೂ ಖಿನ್ನತೆಗೂ ಮದ್ದು ಅಂತ ನಮ್ಮ ಭಾವ ಒಂದು ಡಬ್ಬಿ ಕ್ಯಾಪ್ಸೂಲ್ ತಂದುಕೊಟ್ಟಿದ್ದಾರೆ. ಮಾತ್ರೆ ಬಿಟ್ಟು ಇದನ್ನು ಶುರು ಮಾಡಲಾ?
– ಗೃಹಿಣಿ, ಚಿಂತಾಮಣಿ

ಉತ್ತರ: ಬೇಡಮ್ಮ. ಮಾತ್ರೆ ಕೆಲಸ ಮಾಡಿದ್ದಕ್ಕೇ ಅಲ್ವಾ ನೀವು ಈಗ ಪರವಾಗಿಲ್ಲ ಅನ್ನುತ್ತಿರುವುದು? ಗುಣ ಕಂಡ ಮೇಲೂ ಆರು ತಿಂಗಳಿಂದ ಒಂದು ವರ್ಷ ಮುಂದುವರಿಸಬೇಕು.

ಫ್ಲೇವನಾಯ್ಡ್ ಅಂದರೆ ಗಿಡಗಳಲ್ಲಿ ಸಹಜವಾಗಿ ಇರುವ ಒಂದು ಬಗೆಯ ರಾಸಾಯನಿಕ. ಅದು ಸುಳ್ಳಲ್ಲ. ನಮ್ಮ ಕಡೆಯ ಗುಲಾಬಿ ಈರುಳ್ಳಿಗೆ ಬಣ್ಣ ಬಂದಿರುವುದೂ ಒಂದು ಬಗೆಯ ಫ್ಲೇವನಾಯ್ಡಿನಿಂದಲೇ. ಕ್ವೆರ್ಸೆಟಿನ್ ಅದರ ಹೊರ ಪದರಗಳಲ್ಲಿ ಜಾಸ್ತಿ. ನಾವು ಸುಲಿದು ಎಸೆಯುವುದೂ ಅದನ್ನೇ. ಆದರೆ ಅದು ಖಿನ್ನತೆಗೆ ಮದ್ದು ಎಂಬ ಮಾತು ಹುಟ್ಟಿದ್ದು ಹೆಚ್ಚಾಗಿ ಇಲಿಗಳಿಂದ. ನೀರು ತುಂಬಿದ ಗಾಜಿನ ಜಾಡಿಗೆ ಇಲಿಯನ್ನು ಬಿಡುತ್ತಾರೆ. ಮೊದಲು ಅದು ಕಾಲು ಬಡಿಯುತ್ತದೆ, ಗಾಜು ಕೆರೆಯುತ್ತದೆ. ಆಮೇಲೆ ಮೂಗು ಮಾತ್ರ ಮೇಲಿಟ್ಟು ಸುಮ್ನೆ ತೇಲುತ್ತದೆ. ಎಷ್ಟು ಹೊತ್ತು ಸುಮ್ಮನಿತ್ತು ಅಂತ ಲೆಕ್ಕ ಇಟ್ಟು, ಅದನ್ನೇ ಖಿನ್ನತೆಯ ಅಳತೆಗೋಲು ಮಾಡಿಕೊಳ್ಳುತ್ತಾರೆ. ಕ್ವೆರ್ಸೆಟಿನ್ ಕೊಟ್ಟ ಇಲಿ ಜಾಸ್ತಿ ಹೊತ್ತು ಈಜಿದರೆ, ಅದು ಮುಂದೆ ಹುಡುಕಲು ಒಂದು ಸುಳಿವು. ಅಷ್ಟೇ. ಬೆಳಗ್ಗೆ ಎದ್ದು ಒಲೆ ಹಚ್ಚಲೂ ಕೈಯಾಡದೆ ಕೂತ ಹೆಂಗಸಿನ ಸಂಕಟ ಆ ಜಾಡಿಯಲ್ಲಿ ಇಲ್ಲ. ಮೇಲಾಗಿ ನಾವು ನುಂಗಿದ ಕ್ವೆರ್ಸೆಟಿನ್ ಕರುಳು, ಲಿವರ್ ದಾಟುವಷ್ಟರಲ್ಲೇ ರೂಪ ಬದಲಿಸಿರುತ್ತದೆ. ಮಿದುಳಿಗೆ ಮುಟ್ಟುವುದು ತೀರಾ ಕಡಿಮೆ.

ಮನುಷ್ಯರ ಮೇಲೆ ಸ್ವಲ್ಪ ಗಟ್ಟಿ ಕೆಲಸ ಆಗಿರುವುದು ಕ್ಯಾಮೊಮೈಲ್ ಹೂವಿನದು. ಸೇವಂತಿಗೆ ಕುಟುಂಬದ ಹೂವು, ಎಪಿಜೆನಿನ್ ಎಂಬ ಫ್ಲೇವನಾಯ್ಡ್ ಇದೆ. ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದವರು ಗಾಬರಿ ಕಾಯಿಲೆಯ 57 ಜನರ ಮೇಲೆ ಎಂಟು ವಾರ ಪರೀಕ್ಷಿಸಿ 2009ರಲ್ಲಿ ವರದಿ ಕೊಟ್ಟರು. ಸಾಧಾರಣ ಮಟ್ಟದ ಗುಣ ಕಂಡಿತು. ನನಗೂ ಖುಷಿಯಾಯಿತು. 2016ರ ದೊಡ್ಡ ಅಧ್ಯಯನದಲ್ಲಿ ದಿನಕ್ಕೆ 1500 ಮಿಲಿಗ್ರಾಂ ಕೊಟ್ಟರೂ, ಕಾಯಿಲೆ ಮರುಕಳಿಸುವುದನ್ನು ಅದು ತಡೆಯುತ್ತದೆ ಎಂದು ಸಾಬೀತಾಗಲಿಲ್ಲ. ಅವರು ಕೊಟ್ಟಿದ್ದು ಅಳತೆ ಗೊತ್ತಿರುವ ಸಾರ, ಸಂತೆಯ ಪುಡಿಯಲ್ಲ.

ಶಿಡ್ಲಘಟ್ಟ ಕಡೆಯ ಒಬ್ಬರು, ರೇಷ್ಮೆ ಬಿಚ್ಚುವವರು, ಹೀಗೇ ಮಾತ್ರೆ ಬಿಟ್ಟು ಬಂದಿದ್ದರು. ಅವರ ಹೆಂಡತಿ ಸ್ಟ್ರಿಪ್ಪಿನ ಬೆನ್ನಿಗೆ ಪೆನ್ನಿನಲ್ಲಿ ವಾರ ಬರೆದಿದ್ದರು: ಸೋಮ, ಮಂಗಳ, ಬುಧ. ಮೂರೇ ಗುಳಿ ಖಾಲಿ. ಗುರುವಾರದಿಂದ ಮುಂದಿನದೆಲ್ಲ ಹಾಗೇ ಇತ್ತು. ಬೇರಿನ ಪುಡಿ ಮಾರುವವನೊಬ್ಬ "ಇಂಗ್ಲಿಷ್ ಮಾತ್ರೆ ನರ ಸುಡುತ್ತದೆ" ಅಂದಿದ್ದನಂತೆ. ತಲೆಸುತ್ತು, ತಲೆಯೊಳಗೆ ಕರೆಂಟ್ ಹೊಡೆದ ಹಾಗೆ, ನಿದ್ದೆ ಇಲ್ಲ. ಒಮ್ಮೆಗೇ ನಿಲ್ಲಿಸಿದರೆ ಆಗುವುದೇ ಇದು. ಆ ಮನುಷ್ಯನ ಕೈ ನಡುಗುತ್ತಿತ್ತು. ಇಂಥ ಮಾತು ಹೇಳಿ ದುಡ್ಡು ಮಾಡುವವರನ್ನು ನಾನು ಕ್ಷಮಿಸಲಾರೆ.

"ಗಿಡದ್ದು, ಏನೂ ಆಗಲ್ಲ" ಅನ್ನಬೇಡಿ. ಖಿನ್ನತೆಗೆ ಅಂತ ಜನ ತೆಗೆದುಕೊಳ್ಳುವ ಸೇಂಟ್ ಜಾನ್ಸ್ ವರ್ಟ್ ಕೂಡ ಗಿಡವೇ. ನಿಮ್ಮ ಮಾತ್ರೆಯ ಜೊತೆ ಅದು ಸೇರಿದರೆ ಸೆರೊಟೋನಿನ್ ಎಂಬ ಮಿದುಳಿನ ರಾಸಾಯನಿಕ ವಿಪರೀತ ಏರಿ ಜೀವಕ್ಕೇ ಕುತ್ತು ಬರಬಹುದು. ಆ ಡಬ್ಬಿಯನ್ನು ನಿಮ್ಮ ಡಾಕ್ಟರಿಗೆ ತೋರಿಸಿ. ಮಾತ್ರೆ ಇಳಿಸುವುದಿದ್ದರೆ ಅವರೇ ಹಂತಹಂತವಾಗಿ ಇಳಿಸಲಿ. ಈರುಳ್ಳಿ ಬೇಕಾದಷ್ಟು ತಿನ್ನಿ.

ಪ್ರಶ್ನೆ: ಗ್ರೀನ್ ಟೀ ಕುಡಿದರೆ ಖಿನ್ನತೆ ಹೋಗುತ್ತದಾ?
ಉತ್ತರ: ಇಲ್ಲ. ಸಂಜೆ ಮೇಲೆ ಕುಡಿದರೆ ಇರುವ ನಿದ್ದೆಯೂ ಹೋಗುತ್ತದೆ.

ಪ್ರಶ್ನೆ: ರಕ್ತದಲ್ಲಿ ಫ್ಲೇವನಾಯ್ಡ್ ಕಡಿಮೆ ಇದೆಯಂತೆ. ಅದಕ್ಕೇ ಬೇಜಾರಾ?
ಉತ್ತರ: ಅಂಥ ಕಾಯಿಲೆಯೇ ಇಲ್ಲ. ಆ ಟೆಸ್ಟಿಗೆ ಇನ್ನೊಮ್ಮೆ ದುಡ್ಡು ಕೊಡಬೇಡಿ.

ಪ್ರಶ್ನೆ: ಮಗ ಊಟ ಬಿಟ್ಟಿದ್ದಾನೆ, ಬದುಕೋದೇ ಬೇಡ ಅಂತಾನೆ. ನುಗ್ಗೆಸೊಪ್ಪಿನ ಕಷಾಯ ಎಷ್ಟು ದಿನ ಕೊಡಬೇಕು?
– ರೈತ, ಗೌರಿಬಿದನೂರು
ಉತ್ತರ: ಕಷಾಯ ಬಿಡಿ ಯಜಮಾನರೇ, ಇವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಅಲ್ಲಿಯವರೆಗೂ ಮಗನನ್ನು ಒಬ್ಬನೇ ಬಿಡಬೇಡಿ. ಬೆಳೆಗೆ ಹೊಡೆಯುವ ಔಷಧಿಗೆ ಬೀಗ ಹಾಕಿ, ಬೀಗದ ಕೈ ನಿಮ್ಮ ಹತ್ತಿರವೇ ಇಟ್ಟುಕೊಳ್ಳಿ. ರಾತ್ರಿಯಾಗಿದ್ದರೂ 14416ಕ್ಕೆ ಫೋನ್ ಮಾಡಿ, ಅದು ಟೆಲಿ ಮಾನಸ್, ಮನಸ್ಸಿನ ತೊಂದರೆಗೆ ಸರ್ಕಾರದ ಸಹಾಯವಾಣಿ, ಕನ್ನಡದಲ್ಲೇ ಮಾತಾಡುತ್ತಾರೆ.