ಚುನಾವಣೆಗೆ ನಿಲ್ಲದವರು ಸ್ಪೀಕರ್ ಆಗಿ ಉಳಿದದ್ದು ಹೇಗೆ?

ಪತ್ರ: ಉತ್ತರ ಐರ್ಲೆಂಡಿನ ಅಲೆಕ್ಸ್ ಮ್ಯಾಸ್ಕಿ ಬಗ್ಗೆ ಕಳೆದ ತಿಂಗಳು ಎರಡು ಸಾಲು ಬರೆದಿದ್ದಿರಿ. ಜೀವನವಿಡೀ ‘ಬ್ರಿಟಿಷರು ತೊಲಗಲಿ’ ಎಂದವರು ಕೊನೆಗೆ ಬ್ರಿಟನ್ ರಾಜನ ಎದುರು ನಿಂತು ಸಂತಾಪ ಹೇಳಿದರಂತೆ. ಆಗ ಅವರು ಶಾಸಕರೂ ಆಗಿರಲಿಲ್ಲವಂತೆ! ಇದು ಹೇಗೆ? ತತ್ವ ಬಿಟ್ಟವರನ್ನು ಹೊಗಳುವುದು ಯಾಕೆ? ಮತ್ತೆ, ಅಲ್ಲಿ ಒಬ್ಬರೇ ಪಾಲಿಕೆ ಸದಸ್ಯರೂ ಶಾಸಕರೂ ಆಗಿರಬಹುದಾ?
— ಓದುಗರೊಬ್ಬರು, ದಾವಣಗೆರೆ

ಸಂಪಾದಕರ ಉತ್ತರ:

ಮೊದಲು ಸುಲಭದ ಪ್ರಶ್ನೆ. ಹೌದು, ಉತ್ತರ ಐರ್ಲೆಂಡ್ ಶಾಸನಸಭೆಯ ಸ್ಪೀಕರ್ ಆಗಿದ್ದ ಮ್ಯಾಸ್ಕಿ 2022ರ ಮೇ ಚುನಾವಣೆಗೆ ನಿಂತಿರಲಿಲ್ಲ. ನಿವೃತ್ತಿ ಎಂದು ಹೇಳಿಯಾಗಿತ್ತು. ಆದರೆ ಅಲ್ಲಿನ ಕಾನೂನಿನ ಪ್ರಕಾರ ಹೊಸ ಸ್ಪೀಕರ್ ಆಯ್ಕೆಯಾಗುವವರೆಗೂ ಹಳಬರೇ ಸ್ಪೀಕರ್. ನಮ್ಮಲ್ಲೂ ವಿಧಾನಸಭೆ ವಿಸರ್ಜನೆಯಾದರೆ ಸ್ಪೀಕರ್ ಕುರ್ಚಿ ಖಾಲಿಯಾಗುವುದಿಲ್ಲ. ಹೊಸ ಸಭೆಯ ಮೊದಲ ಬೈಠಕ್ಕಿಗೆ ಸ್ವಲ್ಪ ಮುಂಚೆ ಅವರು ಇಳಿಯುತ್ತಾರೆ, ಹಂಗಾಮಿ ಸ್ಪೀಕರ್ ಬರುತ್ತಾರೆ. ಅಲ್ಲಿ ಆ ಗಡುವು ಇಲ್ಲ. ಬ್ರೆಕ್ಸಿಟ್ (ಬ್ರಿಟನ್ ಯುರೋಪಿಯನ್ ಒಕ್ಕೂಟ ಬಿಟ್ಟದ್ದು) ನಂತರದ ವ್ಯಾಪಾರ ನಿಯಮಗಳ ಮೇಲೆ ಸಿಟ್ಟಾಗಿದ್ದ ಡಿಯುಪಿ ಎಂಬ ಯೂನಿಯನಿಸ್ಟ್ ಪಕ್ಷ, ಅಂದರೆ ಉತ್ತರ ಐರ್ಲೆಂಡ್ ಬ್ರಿಟನ್ ಜೊತೆಗೇ ಉಳಿಯಬೇಕೆನ್ನುವವರ ಪಕ್ಷ, ಹೊಸ ಸ್ಪೀಕರ್ ಆಯ್ಕೆಗೆ ಒಪ್ಪಲೇ ಇಲ್ಲ. ಯೂನಿಯನಿಸ್ಟರು ಮತ್ತು ಐರ್ಲೆಂಡ್ ಜೊತೆ ಸೇರಬೇಕೆನ್ನುವವರು, ಈ ಎರಡೂ ಬಣಗಳ ಒಪ್ಪಿಗೆ ಇಲ್ಲದೆ ಆಯ್ಕೆ ಆಗುವಂತಿಲ್ಲ. ಹಾಗಾಗಿ 2024ರ ಫೆಬ್ರವರಿ 3ರಂದು ಅದೇ ಡಿಯುಪಿಯ ಎಡ್ವಿನ್ ಪೂಟ್ಸ್ ಆಯ್ಕೆಯಾಗುವವರೆಗೆ ಮ್ಯಾಸ್ಕಿಯವರೇ ಪೀಠದಲ್ಲಿ ಉಳಿದರು. ಮನೆಗೆ ಹೋಗುತ್ತೇನೆ ಎಂದವರನ್ನು ಎದುರಾಳಿಗಳ ಹಟವೇ ಒಂದೂಮುಕ್ಕಾಲು ವರ್ಷ ಹಿಡಿದಿಟ್ಟಿತು ನೋಡಿ!

ಆ ಮಧ್ಯೆ ರಾಣಿ ಎಲಿಜಬೆತ್ ತೀರಿಕೊಂಡರು. 2022ರ ಸೆಪ್ಟೆಂಬರ್ 13ರಂದು ಹಿಲ್ಸ್‌ಬರೋ ಅರಮನೆಯಲ್ಲಿ ರಾಜ ಚಾರ್ಲ್ಸ್ ಎದುರು ಸಭೆಯ ಪರವಾಗಿ ಸಂತಾಪ ಸೂಚಿಸುವ ಕೆಲಸ ಸ್ಪೀಕರ್ ಪಾಲಿಗೆ ಬಂತು. ನಿಮ್ಮ ಸಿಟ್ಟು ಇದರ ಮೇಲೆ.

ಇಲ್ಲಿ ಸ್ವಲ್ಪ ನಿಧಾನಿಸೋಣ. ಮ್ಯಾಸ್ಕಿ ಹುಟ್ಟಿದ್ದು 1952ರಲ್ಲಿ, ಬೆಲ್‌ಫಾಸ್ಟ್‌ನಲ್ಲಿ. ಹರೆಯದಲ್ಲಿ ಬಾಕ್ಸಿಂಗ್ ಆಡಿದವರು, ಬಂದರಿನಲ್ಲಿ ದುಡಿದವರು. 1970ರ ದಶಕದಲ್ಲಿ ವಿಚಾರಣೆಯೇ ಇಲ್ಲದೆ ಸರ್ಕಾರ ಅವರನ್ನು ಒಳಗೆ ಹಾಕಿತ್ತು. 1983ರ ಉಪಚುನಾವಣೆಯಲ್ಲಿ ಇಡೀ ಐರ್ಲೆಂಡ್ ಒಂದೇ ದೇಶವಾಗಬೇಕೆನ್ನುವ ಶಿನ್ ಫೇನ್ ಪಕ್ಷದಿಂದ ಗೆದ್ದು ಬೆಲ್‌ಫಾಸ್ಟ್ ನಗರ ಪಾಲಿಕೆಗೆ ಕಾಲಿಟ್ಟರು. ಆಧುನಿಕ ಕಾಲದಲ್ಲಿ ಅವರ ಪಕ್ಷದಿಂದ ಅಲ್ಲಿಗೆ ಹೋದ ಮೊದಲಿಗರು ಅವರೇ.

ಪಾಲಿಕೆಗೆ ಅಧಿಕಾರ ಎಷ್ಟಿತ್ತು? ಕಸ ಎತ್ತುವುದು, ಉದ್ಯಾನ, ಸ್ಮಶಾನ, ಆಟದ ಕೇಂದ್ರಗಳು. ಮನೆ ಹಂಚುವುದು, ಶಾಲೆ ಎಲ್ಲ ಬೇರೆಯವರ ಕೈಲಿತ್ತು. ಆದರೂ ಅಲ್ಲಿ ಅವರ ಮಾತು ಕೇಳುವವರಿರಲಿಲ್ಲ. ಎದ್ದು ನಿಂತರೆ ಸಾಕು, ಗದ್ದಲ. ಆ ಕೋಪ ಸುಮ್ನೆ ಬಂದದ್ದಲ್ಲ ಎನ್ನುವುದನ್ನೂ ಹೇಳಬೇಕು. ಶಿನ್ ಫೇನ್ ಎಂದರೆ ಬ್ರಿಟಿಷ್ ಆಳ್ವಿಕೆ ವಿರುದ್ಧ ಬಂದೂಕು ಹಿಡಿದಿದ್ದ ಐಆರ್‌ಎಯ ರಾಜಕೀಯ ಮುಖ. 1972ರ ಜುಲೈ 21ರಂದು ಐಆರ್‌ಎ ಬೆಲ್‌ಫಾಸ್ಟ್‌ನಲ್ಲಿ ಒಂದರ ಹಿಂದೆ ಒಂದು ಬಾಂಬ್ ಸಿಡಿಸಿ 9 ಜನರನ್ನು ಕೊಂದಿತ್ತು. ಮನೆಯವರನ್ನು ಕಳಕೊಂಡವರ ಪ್ರತಿನಿಧಿಗಳೂ ಅದೇ ಸಭಾಂಗಣದಲ್ಲಿ ಕೂತಿದ್ದರು. 1985ರಲ್ಲಿ ಬ್ರಿಟನ್ ಮತ್ತು ಐರ್ಲೆಂಡ್ ಸರ್ಕಾರಗಳು, ಉತ್ತರ ಐರ್ಲೆಂಡಿನ ವಿಷಯದಲ್ಲಿ ಐರ್ಲೆಂಡೂ ಸಲಹೆ ಕೊಡಬಹುದು ಎಂಬ ಒಪ್ಪಂದ ಮಾಡಿಕೊಂಡಾಗ ಯೂನಿಯನಿಸ್ಟರು ಪ್ರತಿಭಟನೆಗೆ ಪಾಲಿಕೆ ಸಭೆಗಳನ್ನೇ ಮುಂದೂಡಿದರು. ಸಿಟಿ ಹಾಲ್ ಮೇಲೆ ‘ಬೆಲ್‌ಫಾಸ್ಟ್ ಒಪ್ಪುವುದಿಲ್ಲ’ ಎಂಬ ದೊಡ್ಡ ಬ್ಯಾನರ್ ತೂಗಿತು.

1987ರಲ್ಲಿ ಮ್ಯಾಸ್ಕಿ ಮೇಲೆ ಗುಂಡಿನ ದಾಳಿಯಾಯಿತು, ಹೇಗೋ ಬದುಕಿದರು. 1993ರಲ್ಲಿ ಅವರ ಮನೆಯಲ್ಲಿ ರಿಪೇರಿ ಕೆಲಸ ಮಾಡುತ್ತಿದ್ದ ಗೆಳೆಯರೊಬ್ಬರನ್ನು ಬಂದೂಕುಧಾರಿಗಳು ಕೊಂದರು. ಪಾಲಿಕೆ ಸದಸ್ಯ ಎಂದರೆ ಅಲ್ಲಿ ಇಷ್ಟು ಬೆಲೆ ತೆರಬೇಕಿತ್ತು, ಎರಡೂ ಕಡೆಯವರು.

2002ರ ಜೂನ್‌ನಲ್ಲಿ ಇದೇ ಮ್ಯಾಸ್ಕಿ ಬೆಲ್‌ಫಾಸ್ಟ್‌ನ ಲಾರ್ಡ್ ಮೇಯರ್ ಆದರು. ಶಿನ್ ಫೇನ್‌ನಿಂದ ಮೊದಲ ಮೇಯರ್. ಅವಧಿ ಒಂದೇ ವರ್ಷ. ಮೇಯರ್ ಕೊಠಡಿಯಲ್ಲಿ ಬ್ರಿಟನ್ ಧ್ವಜದ ಪಕ್ಕದಲ್ಲೇ ಐರ್ಲೆಂಡಿನ ತ್ರಿವರ್ಣ ಧ್ವಜ ಇಟ್ಟರು. ಒಂದನ್ನು ತೆಗೆದು ಇನ್ನೊಂದನ್ನು ಇಡಲಿಲ್ಲ, ಗಮನಿಸಿ.

ಕುರ್ಚಿ ಹತ್ತಿ ತಿಂಗಳಾಗುವಷ್ಟರಲ್ಲಿ ಜುಲೈ 1 ಬಂತು. 1916ರ ಅದೇ ದಿನ ಶುರುವಾದ ಸೋಮ್ ಕದನದಲ್ಲಿ ಬ್ರಿಟಿಷ್ ಸೇನೆಯ ಅಲ್ಸ್ಟರ್ ಡಿವಿಷನ್ನಿನ ಸಾವಿರಾರು ಹುಡುಗರು ಸತ್ತಿದ್ದರು. ಯೂನಿಯನಿಸ್ಟರಿಗೆ ಅದು ಪವಿತ್ರ ದಿನ. ಪ್ರತಿ ವರ್ಷ ಸಿಟಿ ಹಾಲ್ ಸ್ಮಾರಕದ ಬಳಿ ಸಮಾರಂಭ. ಮೇಯರ್ ಹೋದರೆ ಸ್ವಂತ ಜನ ಬೈಯುತ್ತಾರೆ, ಹೋಗದಿದ್ದರೆ ಅರ್ಧ ಊರಿಗೆ ಅವಮಾನ. ಮ್ಯಾಸ್ಕಿ ಏನು ಮಾಡಿದರು? ಮುಖ್ಯ ಸಮಾರಂಭಕ್ಕೆ ಮುಂಚೆಯೇ ಬೆಳಿಗ್ಗೆ ಹೋಗಿ ಲಾರೆಲ್ ಎಲೆಗಳ ಹಾರ ಇಟ್ಟು ಬಂದರು. ಬ್ರಿಟಿಷರು ಯೋಧರ ನೆನಪಿಗೆ ಇಡುವ ಕೆಂಪು ಪಾಪಿ ಹೂವಿನ ಹಾರ ಅಲ್ಲ ಅದು. ಸೇನೆಯ ಸಮಾರಂಭದಲ್ಲಿ ಪಾಲ್ಗೊಳ್ಳಲಿಲ್ಲ. ಸತ್ತವರಿಗೆ ಗೌರವ, ಸೇನೆಗೆ ಸಲಾಂ ಇಲ್ಲ. ಇದು ಸಾಲದು ಎಂದರು ಕೆಲವರು, ಜಾಸ್ತಿಯಾಯಿತು ಎಂದರು ಇನ್ನು ಕೆಲವರು. ನನ್ನ ಪ್ರಕಾರ ಅವರ ರಾಜಕೀಯ ಬದುಕಿನ ಅತಿ ಜಾಣ ಕೆಲಸ ಅದು. ದಶಕಗಳ ಹಿಂಸೆಗೆ ತೆರೆ ಎಳೆದ 1998ರ ಶಾಂತಿ ಒಪ್ಪಂದದ ಬಗ್ಗೆ ಪುಟಗಟ್ಟಲೆ ಬರೆದಿದ್ದಾರೆ. ಆದರೆ ಒಪ್ಪಂದದ ಜೊತೆ ಬದುಕುವುದು ಹೇಗೆ ಎಂದು ಕಲಿತದ್ದು ಇಂಥ ಪಾಲಿಕೆ ಅಂಗಳದಲ್ಲಿ.

ಆಮೇಲಿನದನ್ನು ಬೇಗ ಹೇಳುತ್ತೇನೆ. 1998ರಲ್ಲೇ ಪಶ್ಚಿಮ ಬೆಲ್‌ಫಾಸ್ಟ್‌ನಿಂದ ಶಾಸಕರಾಗಿದ್ದರು. 2003ರಲ್ಲಿ ದಕ್ಷಿಣಕ್ಕೆ ಹೋಗಿ ಗೆದ್ದರು, 2014ರಲ್ಲಿ ಮತ್ತೆ ಪಶ್ಚಿಮಕ್ಕೆ ಬಂದರು. 2007ರ ಜನವರಿಯಲ್ಲಿ ಶಿನ್ ಫೇನ್ ಕೊನೆಗೂ ಪೊಲೀಸ್ ವ್ಯವಸ್ಥೆಯನ್ನು ಒಪ್ಪಿತು. ಪೊಲೀಸರ ಕೆಲಸ ಪ್ರಶ್ನಿಸುವ ಮಂಡಳಿಗೆ ಪಕ್ಷ ಕಳಿಸಿದವರಲ್ಲಿ ಮ್ಯಾಸ್ಕಿಯೂ ಒಬ್ಬರು. ವಿಚಾರಣೆಯಿಲ್ಲದೆ ಸೆರೆ ಇದ್ದವರು ಈಗ ಪೊಲೀಸರಿಂದ ಲೆಕ್ಕ ಕೇಳುವ ಜಾಗದಲ್ಲಿ! 2020ರ ಜನವರಿಯಲ್ಲಿ, ಮೂರು ವರ್ಷ ಮುಚ್ಚಿದ್ದ ಸಭೆ ಮತ್ತೆ ತೆರೆದ ದಿನ, ಸ್ಪೀಕರ್ ಆದರು.

ಹಾಗಾದರೆ ತತ್ವ ಬಿಟ್ಟರಾ? ಐರ್ಲೆಂಡ್ ಒಂದಾಗಬೇಕು ಎಂಬ ಮಾತನ್ನು ಅವರು ಬಿಟ್ಟಿಲ್ಲ, ರಾಜಪ್ರಭುತ್ವವನ್ನು ಒಪ್ಪಿಕೊಂಡೂ ಇಲ್ಲ. ಹಿಲ್ಸ್‌ಬರೋದಲ್ಲಿ ಅವರು ನಿಂತದ್ದು ಪಕ್ಷದ ಮನುಷ್ಯನಾಗಿ ಅಲ್ಲ, ರಾಣಿಗಾಗಿ ಕಣ್ಣೀರಿಟ್ಟವರೂ ಸದಸ್ಯರಾಗಿದ್ದ ಸಭೆಯ ಸ್ಪೀಕರ್ ಆಗಿ. ಇಪ್ಪತ್ತು ವರ್ಷ ಮೊದಲು ಎಲೆಯ ಹಾರ ಇಟ್ಟಾಗಲೂ ಲೆಕ್ಕಾಚಾರ ಇದೇ. ಇದನ್ನು ಹೊಗಳಬೇಕೆಂದು ನಾನು ಹೇಳುತ್ತಿಲ್ಲ. ಐಆರ್‌ಎ ಕೊಂದವರ ಮನೆಯವರಿಗೆ ಮ್ಯಾಸ್ಕಿ ಹೆಸರು ಇವತ್ತಿಗೂ ಕಹಿಯಾಗಿದ್ದರೆ ಅವರನ್ನು ದೂರುವಂತಿಲ್ಲ. ಆದರೆ ಶರಣಾಗತಿ ಎಂದು ಮಾತ್ರ ಕರೆಯಬೇಡಿ.

ಕೊನೆಯ ಪ್ರಶ್ನೆ. ಹಿಂದೆ ಅಲ್ಲಿ ಪಾಲಿಕೆ ಸದಸ್ಯತ್ವ, ಶಾಸಕತ್ವ ಎರಡನ್ನೂ ಒಟ್ಟಿಗೆ ಇಟ್ಟುಕೊಳ್ಳಬಹುದಿತ್ತು. ಮ್ಯಾಸ್ಕಿ ಮೇಯರ್ ಆಗಿದ್ದಾಗ ಶಾಸಕರೂ ಆಗಿದ್ದರು. ಬಹಳ ಜನ ಹಾಗೇ ಇದ್ದರು. 2014ರಲ್ಲಿ ಕಾನೂನು ತಂದು ಅದನ್ನು ನಿಲ್ಲಿಸಿದರು. ಅದೇ ಹೊತ್ತಿಗೆ 26 ಸ್ಥಳೀಯ ಸಂಸ್ಥೆಗಳನ್ನು 11ಕ್ಕೆ ಇಳಿಸಿ, ಕಟ್ಟಡ ಪರವಾನಗಿಯಂಥ ಅಧಿಕಾರವನ್ನೂ ಅವಕ್ಕೆ ಕೊಟ್ಟರು. ಹಾಗಾಗಿ ಈಗ ಹೊಸಬರು ಎರಡರಲ್ಲಿ ಒಂದನ್ನು ಆರಿಸಿಕೊಳ್ಳಲೇಬೇಕು.